ಅರ್ಧ ಇಂಚು ಸಡಿಲ

ಟೈಲರಕ್ಕ ತೀರಿಹೋದರು ಎಂದು ಅಮ್ಮ ಫೋನ್ ಮಾಡಿ ಹೇಳಿದಾಗ ನಾನು ಕೊಳಾಲದ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಬೆಳಿಗ್ಗೆ ಮಿಷಿನ್ನಿನ ಮುಂದೆ ಕೂತಿದ್ದವರು ಹಾಗೆಯೇ ಒರಗಿಬಿಟ್ಟರಂತೆ. ಪೆನ್ನಿಗೆ ಮುಚ್ಚಳ ಹಾಕಿ ಹೊರಗೆ ಬಂದು ಹುಣಸೆ ಮರದ ಕೆಳಗೆ ನಿಂತು ಅತ್ತೆ. ಜೊತೆಯ ಮೇಷ್ಟ್ರೊಬ್ಬರು ಬಂದು, 'ಯಾರು ಮೇಡಂ, ಹತ್ತಿರದ ಸಂಬಂಧವಾ?' ಎಂದು ಕೇಳಿದರು. 'ಅಲ್ಲ ಸಾರ್, ನಮ್ಮ ಟೈಲರು' ಎಂದೆ. ಅವರ ಮುಖ ಆದ ರೀತಿ ನೋಡಿ ಅಳುವಿನ ನಡುವೆಯೂ ನನಗೆ ನಗು ಬಂತು. ರವಿಕೆ ಹೊಲಿಯುವವರು ಸತ್ತರೆ ಯಾರಾದರೂ ಹೀಗೆ ಅಳುತ್ತಾರೆಯೇ? ಆಗ ಅವರಿಗೆ ವಿವರಿಸಲು ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ಮಧುಗಿರಿಯಲ್ಲಿ ನಮ್ಮ ಬೀದಿ ತಿರುಗುವಲ್ಲಿ ಅವರದೊಂದು ಸಣ್ಣ ಅಂಗಡಿ. ಹೆಂಗಸರ ಬಟ್ಟೆ ಮಾತ್ರ. ಒಂದು ಮಿಷಿನ್ನು, ಬಟ್ಟೆ ಕತ್ತರಿಸುವ ಮೇಜು, ಹಳೆಯ ಸೀರೆ ಇಳಿಬಿಟ್ಟು ಮರೆಮಾಡಿದ ಮೂಲೆ, ಕಾಯುವವರಿಗೆ ಒಂದು ಬೆಂಚು. ಐದನೆಯವರು ಬಂದರೆ ಯಾರಾದರೂ ಎದ್ದು ಹೊರಗೆ ನಿಲ್ಲಬೇಕು. ಅವರ ತವರು ಆಂಧ್ರದ ಗಡಿಯ ವೈ.ಎನ್.ಹೊಸಕೋಟೆ. ಮದುವೆಯಾಗಿ ಮಧುಗಿರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಬಾಯಲ್ಲಿ ಅರ್ಧ ತೆಲುಗೇ. ಹುಡುಗಿಯರೆಲ್ಲ ಅವರಿಗೆ 'ಅಮ್ಮಾಯಿ'. ಸಂತೋಷವಾದರೆ ತೆಲುಗು, ಸಿಟ್ಟು ಬಂದರೆ ಕನ್ನಡ, ಮಿಷಿನ್ನಿನ ದಾರ ಕಿತ್ತುಹೋದರೆ ಎರಡೂ.

ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದರು. ಹಾಗೆಯೇ ಮಾತಾಡುತ್ತಿದ್ದರು, ನಗುತ್ತಿದ್ದರು, ಬೀದಿಯಲ್ಲಿ ಹೋಗುವವರನ್ನು ಕರೆದು ಬೈಯುತ್ತಲೂ ಇದ್ದರು. ಪಿನ್ನು ತೆಗೆದು ಮೇಜಿನ ಮೇಲಿಟ್ಟರೆಂದರೆ ಮಾತು ಗಂಭೀರವೆಂದು ನಾವು ತಿಳಿದುಕೊಳ್ಳಬೇಕು. ಊಟದ ವಿಷಯದಲ್ಲಿ ಅವರಿಗೆ ನಾಚಿಕೆ ಎನ್ನುವುದೇ ಇರಲಿಲ್ಲ. ಮಿಷಿನ್ನಿನ ಡ್ರಾಯರಿನಲ್ಲಿ ದಾರದ ಉಂಡೆಗಳ ಜೊತೆ ಹುರಿದ ಕಡಲೆಕಾಯಿ ಬೀಜ, ಬೆಲ್ಲದ ಚೂರು ಇರುತ್ತಿದ್ದವು. 'ಹಸ್ಕೊಂಡಿರೋದು ನಂಗಾಗಲ್ಲ ಕಣಮ್ಮ. ದೇವ್ರಿಗೂ ಗೊತ್ತು, ಅದ್ಕೇ ನನ್ ತಾವ ವಾರ ಗೀರ ಏನೂ ಕೇಳಲ್ಲ' ಎನ್ನುತ್ತಿದ್ದರು. ನಾನು ಕಂಡವರಲ್ಲಿ ತನ್ನ ದಪ್ಪ ದೇಹದ ಜೊತೆ ಅಷ್ಟು ಸ್ನೇಹದಿಂದ ಇದ್ದವರು ಅವರೊಬ್ಬರೇ.

ಅವರ ಅಳತೆಯ ಪದ್ಧತಿ ಮಾತ್ರ ವಿಚಿತ್ರ. ಎರಡು ಕೈಯಲ್ಲೂ ಟೇಪು, ಬಾಯಲ್ಲಿ ಪಿನ್ನು, ಹಾಗಾಗಿ ಅಳತೆ ಪುಸ್ತಕವನ್ನು ಬೆಂಚಿನ ಮೇಲೆ ಕಾಯುತ್ತ ಕೂತವರ ಕೈಗೆ ಕೊಡುತ್ತಿದ್ದರು. 'ಬರ್ಕೊಳಮ್ಮ' ಎಂದು ಎದೆ, ಸೊಂಟ, ತೋಳು ಎಲ್ಲವನ್ನೂ ಗಟ್ಟಿಯಾಗಿ ಕೂಗಿ ಹೇಳುವುದು, ಕೂತವರು ಬರೆದುಕೊಳ್ಳುವುದು. ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ನಾನು ಹೋದಾಗಲೆಲ್ಲ ಪುಸ್ತಕ ನನ್ನ ಮಡಿಲಿಗೇ ಬೀಳುತ್ತಿತ್ತು. ನಮ್ಮ ತರಗತಿಯ ಅಷ್ಟೂ ಹುಡುಗಿಯರ ಸೊಂಟದ ಅಳತೆ ನನಗೆ ಮಗ್ಗಿಯಂತೆ ಬಾಯಿಗೆ ಬರುತ್ತಿತ್ತು.

ಒಂಬತ್ತನೇ ತರಗತಿಗೆ ಹೊಸ ಸಮವಸ್ತ್ರ ಹೊಲಿಸಲು ಹೋದಾಗ ನನ್ನ ಸರದಿ ಬಂತು. ಪುಸ್ತಕ ಇನ್ನೊಬ್ಬಳ ಕೈಯಲ್ಲಿತ್ತು. ಟೈಲರಕ್ಕ ಸೊಂಟಕ್ಕೆ ಟೇಪು ಸುತ್ತಿ ಅಂಕಿ ಕೂಗಿ, ಹಳೆಯ ಪುಟ ನೋಡಿ ಬೆನ್ನು ತಟ್ಟಿದರು. 'ಅಬ್ಬಬ್ಬ, ಏಮಮ್ಮಾಯಿ ಇದು! ಹಿಂಗೇ ಆದ್ರೆ ನಿಮ್ಮಪ್ಪಂಗೆ ಇನ್ನೊಂದ್ ಮೀಟ್ರು ಬಟ್ಟೆ ತರಕ್ಕೆ ಹೇಳ್ಬೇಕಾಯ್ತದೆ.' ಬೆಂಚಿನ ಮೇಲಿದ್ದ ಮೂವರೂ ನಕ್ಕರು. ನಾನೂ ನಕ್ಕೆ. ಅವರು ಎಲ್ಲರನ್ನೂ ಹೀಗೆಯೇ ಛೇಡಿಸುತ್ತಿದ್ದರು. ಸಣ್ಣಗಿದ್ದವಳಿಗೆ 'ನಿಂಗೆ ತಲೆದಿಂಬಿನ ಕವರೇ ಸಾಕು' ಎನ್ನುತ್ತಿದ್ದರು, ಅವಳು ನಕ್ಕು ಮರೆಯುತ್ತಿದ್ದಳು. ನಾನು ಮರೆಯಲಿಲ್ಲ. ಆ ಅಂಕಿಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಓದುವವರಲ್ಲಿ ನನ್ನಂಥವಳೊಬ್ಬಳಿದ್ದರೆ ತಕ್ಷಣ ತನ್ನ ಸೊಂಟಕ್ಕೆ ಹೋಲಿಸಿ ನೋಡುತ್ತಾಳೆ. ಅದು ನನಗೆ ಚೆನ್ನಾಗಿ ಗೊತ್ತು.

ನಮ್ಮದು ಲಿಂಗಾಯತರ ಮನೆ. ಅಪ್ಪನಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ಮನೆಯ ಯಜಮಾನಿಕೆ ಅಜ್ಜಿಯದು. ಅಂಥ ಮನೆಯಲ್ಲಿ ಹುಡುಗಿಯೊಬ್ಬಳು 'ನನಗೆ ಊಟ ಬೇಡ' ಎಂದರೆ ಹತ್ತು ಪ್ರಶ್ನೆ ಬರುತ್ತವೆ. 'ಇವತ್ತು ಸೋಮವಾರ ಹಿಡಿದಿದ್ದೀನಿ' ಎಂದರೆ ಒಂದೂ ಬರುವುದಿಲ್ಲ. ಶ್ರಾವಣದಲ್ಲಿ ಸೋಮವಾರ ಹಿಡಿದೆ, ಒಪ್ಪತ್ತು ಮಾತ್ರ ಊಟ. ಅಜ್ಜಿ ಕಣ್ಣಲ್ಲಿ ನೀರು ತಂದುಕೊಂಡು ತಲೆ ಸವರಿದರು. ಆಮೇಲೆ ಗುರುವಾರ ಸೇರಿತು. ಆಮೇಲೆ ಶನಿವಾರ. ಉಳಿದ ದಿನಗಳಲ್ಲಿ ಮುದ್ದೆಯನ್ನು ಕಡಲೆಯಷ್ಟು ಚೂರು ಮಾಡಿ ತಟ್ಟೆಯ ಸುತ್ತ ಓಡಿಸುವ ವಿದ್ಯೆ ಕಲಿತೆ. ಅಜ್ಜಿ ಜಗಲಿಯಲ್ಲಿ ಕೂತು ಬಂದವರಿಗೆಲ್ಲ, 'ನಮ್ ಕೂಸಿಗೆ ಇಷ್ಟ್ ಸಣ್ಣ್ ವಯಸ್ಸಿಗೇ ಏನ್ ಭಕ್ತಿ ನೋಡ್ರಮ್ಮ' ಎನ್ನುತ್ತಿದ್ದರು. ಬೀದಿಯ ಹೆಂಗಸರು ತಮ್ಮ ಹೆಣ್ಣುಮಕ್ಕಳಿಗೆ ನನ್ನನ್ನು ತೋರಿಸುತ್ತಿದ್ದರು. ಕಾಯಿಲೆಯೊಂದನ್ನು ಒಂದು ಬೀದಿಯೇ ಸೇರಿ ಕೈಮುಗಿದು ಬೆಳೆಸಿತು ಎಂದು ಈಗ ತಮಾಷೆಗೆ ಹೇಳುತ್ತೇನೆ. ಆಗ ಅದು ತಮಾಷೆಯಾಗಿರಲಿಲ್ಲ. ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬರುತ್ತಿದ್ದೆ, ಮನೆಯವರಿಗೆಲ್ಲ ನಾನೇ ಕಜ್ಜಾಯ ಸುಟ್ಟು ಬಡಿಸುತ್ತಿದ್ದೆ, ದಿನವಿಡೀ ಊಟದ ವಿನಾ ಬೇರೇನೂ ಯೋಚಿಸುತ್ತಿರಲಿಲ್ಲ, ಊಟ ಮಾತ್ರ ಮಾಡುತ್ತಿರಲಿಲ್ಲ.

ದಸರಾ ಹೊತ್ತಿಗೆ ಸಮವಸ್ತ್ರ ದೊಗಲೆಯಾಯಿತು. ಟೈಟ್ ಮಾಡಿಸಲು ಹೋದೆ. ಟೈಲರಕ್ಕ ಕಣ್ಣರಳಿಸಿ, 'ಈಗ್ ನೋಡು, ಏನ್ ಶೇಪ್ ಬಂದೈತೆ!' ಎಂದರು. ಆ ಒಂದು ಮಾತಿನ ಮೇಲೆ ನಾನು ಸಂಕ್ರಾಂತಿಯವರೆಗೆ ಬದುಕಿದೆ. ಸಂಕ್ರಾಂತಿಗೆ ಮತ್ತೆ ಹೋದೆ. ಆಗಲೂ ಪಕ್ಕದ ಹೊಲಿಗೆಯನ್ನು ಒಳಕ್ಕೆ ಹಿಡಿಸಿಕೊಟ್ಟರು, ಆದರೆ ಹೊಗಳಲಿಲ್ಲ. 'ಸಾಕು ಬುಡಮ್ಮ ಇನ್ನು' ಎಂದಷ್ಟೇ ಹೇಳಿದರು.

ಮೂರನೆಯ ಸಲ ಹೋದದ್ದು ಶಿವರಾತ್ರಿ ಕಳೆದ ಮೇಲೆ. ಬೆಟ್ಟದ ಬಂಡೆ ಕಾದು ಊರೆಲ್ಲ ಬೆವರುತ್ತಿದ್ದರೆ ನಾನು ಸ್ವೆಟರ್ ಹಾಕಿಕೊಂಡಿದ್ದೆ. ಟೈಲರಕ್ಕ ಸ್ವೆಟರ್ ತೆಗೆಸಿದರು. ಟೇಪು ಸುತ್ತಿದರು. ಅಂಕಿ ಕೂಗಲಿಲ್ಲ. ನನ್ನ ಮುಂಗೈ ಹಿಡಿದು ಬೆಳಕಿಗೆ ತಿರುಗಿಸಿದರು. ಅಲ್ಲಿ ಎಳೆಯ ಕೂದಲು ನಯವಾಗಿ ಬೆಳೆದಿತ್ತು. ಬಾಯಿಂದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು, ಬೆಂಚಿನ ಮೇಲಿದ್ದವರನ್ನು 'ಆಮೇಲ್ ಬನ್ರಮ್ಮ' ಎಂದು ಎಬ್ಬಿಸಿ ಕಳಿಸಿದರು.

'ಮುಟ್ಟಾಗಿ ಎಷ್ಟ್ ತಿಂಗ್ಳಾಯ್ತು?'

'ನಾಕು.'

'ಅಮ್ಮಂಗೆ ಗೊತ್ತಾ?'

'ಇಲ್ಲ. ಅಕ್ಕ, ಬೇಗ ಹಿಡಿಸಿಕೊಡಿ, ನಾಳೆ ಹಾಕ್ಕೋಬೇಕು.'

'ಹಿಡ್ಸಲ್ಲ.'

ನಾನು ಬೇರೆ ಟೈಲರ ಹತ್ತಿರ ಹೋಗುತ್ತೇನೆ ಎಂದೆ. ಕೂಗಾಡಿದೆ, ಅತ್ತೆ. ಅವರು ಸಮವಸ್ತ್ರವನ್ನು ಮಡಚಿ ತಮ್ಮ ತೊಡೆಯ ಕೆಳಗಿಟ್ಟುಕೊಂಡು ಅದರ ಮೇಲೆ ಕೂತರು. ಅಷ್ಟು ದೊಡ್ಡ ದೇಹದ ಕೆಳಗಿಂದ ಅದನ್ನು ಎಳೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

ಅಂದೇ ಸಂಜೆ ಅವರು ಅಳತೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದರು. ಅಜ್ಜಿ ಜಗಲಿಯಲ್ಲಿದ್ದರು, ಅಮ್ಮ ಬಾಗಿಲಲ್ಲಿ. ಟೈಲರಕ್ಕ ಪುಟ ತಿರುವಿ ಒಂದು ವರ್ಷದೊಳಗಿನ ನನ್ನ ನಾಲ್ಕು ಅಳತೆಗಳನ್ನು ಓದಿದರು. ಈ ಸಲ ಮೆಲ್ಲಗೆ ಓದಿದರು.

'ಇದು ವ್ರತ ಅಲ್ಲಜ್ಜಿ, ಕಾಯ್ಲೆ. ಮಗು ಕೈತಪ್ಪಿ ಹೋಗ್ತೈತೆ. ಡಾಕ್ಟ್ರಿಗೆ ತೋರ್ಸಿ.'

ಅಜ್ಜಿ ಕೆರಳಿದರು. 'ದೇವ್ರು ಕಾಯ್ಲೆ ಏನೇ ನಿಂಗೆ? ದಿನಾ ಮೂರೊತ್ತು ಮೇಯೋಳಿಗೆ ಉಪಾಸದ ಬೆಲೆ ಹೆಂಗ್ ಗೊತ್ತಾಗ್ಬೇಕು?'

ಟೈಲರಕ್ಕನ ಮುಖ ಕೆಂಪಾಯಿತು. 'ಮೇಯ್ತೀನಿ ಕಣಜ್ಜಿ, ಅದ್ಕೇ ಬದ್ಕಿದೀನಿ' ಎಂದು ಹೇಳಿ ಹೊರಟುಹೋದರು. ಮರುದಿನದಿಂದ ನಮ್ಮ ಮನೆಯ ರವಿಕೆಗಳು ಬೇರೆ ಅಂಗಡಿಗೆ ಹೋಗತೊಡಗಿದವು. ನಾನು ಗೆದ್ದೆನೆಂದುಕೊಂಡೆ. ಎಂಟು ದಿನಕ್ಕೆ ಶಾಲೆಯ ಪ್ರಾರ್ಥನೆಯಲ್ಲಿ ಬಿದ್ದೆ.

ಊರಿನ ಡಾಕ್ಟರು ನಾಡಿ ಹಿಡಿದು ನೋಡಿ, ತುಮಕೂರಿನಲ್ಲಿ ಮನೋರೋಗದ ಡಾಕ್ಟರೊಬ್ಬರಿಗೆ ತಕ್ಷಣ ತೋರಿಸಿ ಎಂದರು. ಅಪ್ಪನಿಗೆ ಆ ಪದವೇ ಹಿಡಿಸಲಿಲ್ಲ. 'ನಾಳೆ ಮದುವೆ ಮಾಡ್ಬೇಕಾದ ಹುಡುಗಿ' ಎಂದು ತಲೆಯ ಮೇಲೆ ಕೈಹೊತ್ತು ಕೂತರು. ಅಮ್ಮ ಚಪ್ಪಲಿ ಮೆಟ್ಟಿ, ನನ್ನನ್ನು ಕರೆದುಕೊಂಡು ನೇರ ಹೋದದ್ದು ಟೈಲರಕ್ಕನ ಅಂಗಡಿಗೆ. ಅವರು ಬಾಗಿಲೆಳೆದು ನಮ್ಮ ಜೊತೆ ಬಸ್ಸು ಹತ್ತಿದರು. ಕೊರಟಗೆರೆಯಲ್ಲಿ ಬಸ್ಸು ನಿಂತಾಗ ತಮಗೊಂದು ಸೌತೆಕಾಯಿ ಕೊಂಡು ತಿಂದರು. ನನಗೆ ಬೇಕೇ ಎಂದು ಕೇಳಲಿಲ್ಲ. ಕೇಳದಿದ್ದ ಮೊದಲ ಮನುಷ್ಯರು ಅವರು. ಆ ಸಮಾಧಾನ ಇಂದಿಗೂ ನೆನಪಿದೆ.

ಡಾಕ್ಟರು ಒಬ್ಬ ಹೆಂಗಸು. ಅವರು ಹೇಳಿದ್ದನ್ನು ಅಮ್ಮನೂ ಟೈಲರಕ್ಕನೂ ಪಾಠ ಕೇಳುವ ಮಕ್ಕಳಂತೆ ಕೇಳಿಸಿಕೊಂಡರು. ಇದು ಹಟವೂ ಅಲ್ಲ, ಭಕ್ತಿಯೂ ಅಲ್ಲ, ಕಾಯಿಲೆ. ಇದು ಒಂದೇ ಕಾರಣಕ್ಕೆ ಬರುವುದಿಲ್ಲ. ಹುಟ್ಟಿನಿಂದ ಬಂದ ಸ್ವಭಾವ, ಎಲ್ಲದರಲ್ಲೂ ಮೊದಲಿರಬೇಕೆಂಬ ಮನಸ್ಸು, ಬೆಳೆಯುವ ವಯಸ್ಸಿನ ಭಯ, ಸುತ್ತಲಿನವರ ಮಾತು, ಹೊಗಳಿಕೆ ಎಲ್ಲ ಸೇರುತ್ತವೆ. ಒಮ್ಮೆ ಮೈ ಸೊರಗಿದ ಮೇಲೆ ಹಸಿವೇ ತಲೆಯನ್ನು ಕೆಡಿಸುತ್ತದೆ, ಆಗ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಕೆಲವರು ಹೀಗೆ ಊಟ ಬಿಡುತ್ತಾರೆ, ಕೆಲವರು ಕದ್ದು ಹೊಟ್ಟೆ ಬಿರಿಯುವಷ್ಟು ತಿಂದು ಕಕ್ಕುತ್ತಾರೆ. ನೋಡಲು ದಪ್ಪಗಿರುವವರಿಗೂ ಬರುತ್ತದೆ, ಗಂಡುಮಕ್ಕಳಿಗೂ ಬರುತ್ತದೆ. ಅಮ್ಮ ಅಂಜಿಕೊಂಡು, 'ಇವತ್ತಿಂದ್ಲೇ ಹೊಟ್ಟೆ ತುಂಬ ತಿನ್ನಿಸ್ಲಾ?' ಎಂದು ಕೇಳಿದರು. ಡಾಕ್ಟರು ತಡೆದರು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ಊಟ ಸುರಿದರೆ ಜೀವಕ್ಕೇ ಅಪಾಯ, ಮೊದಲು ಆಸ್ಪತ್ರೆಯಲ್ಲಿಟ್ಟುಕೊಂಡು ರಕ್ತ ನೋಡುತ್ತ, ಹೃದಯ ನೋಡುತ್ತ ಸ್ವಲ್ಪ ಸ್ವಲ್ಪವೇ ಏರಿಸಬೇಕು ಎಂದರು.

ಹನ್ನೆರಡು ದಿನ ಅಲ್ಲಿದ್ದೆವು. ಆಮೇಲೆ ಮನೆಯಲ್ಲಿ ಅಮ್ಮನ ಕಾವಲು. ದಿನಕ್ಕೆ ಆರು ಸಲ ಊಟ ತಿಂಡಿ, ಪ್ರತಿ ಸಲ ಅಮ್ಮ ಪಕ್ಕದಲ್ಲಿ. ತಟ್ಟೆ ಖಾಲಿಯಾಗುವವರೆಗೆ ಅಮ್ಮ ಏಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ವಾರಕ್ಕೊಮ್ಮೆ ತುಮಕೂರು. ಅಲ್ಲಿ ಅಂಕಿ ಕಾಣದಂತೆ ತೂಕದ ಯಂತ್ರದ ಮುಳ್ಳಿಗೆ ಬೆನ್ನು ತಿರುಗಿಸಿ ನಿಂತು ತೂಕ ಕೊಡುತ್ತಿದ್ದೆ, ಆಮೇಲೆ ಡಾಕ್ಟರ ಜೊತೆ ಒಂದು ಗಂಟೆ ಮಾತು. ಅರ್ಧ ದಿನ ಅವರನ್ನು ದ್ವೇಷಿಸುತ್ತಿದ್ದೆ, ಉಳಿದರ್ಧ ದಿನ ಅಮ್ಮನನ್ನು. ಮನೆಯಲ್ಲಿ ಯಾರೂ ನನ್ನ ಮೈಯ ಬಗ್ಗೆ ಒಳ್ಳೆಯದಾಗಲೀ ಕೆಟ್ಟದಾಗಲೀ ಆಡಬಾರದು ಎಂದು ಕಟ್ಟಪ್ಪಣೆಯಾಯಿತು. ಅಪ್ಪನಿಗೆ ಇದು ಬಹಳ ಕಷ್ಟವಾಗಿ, ನನ್ನನ್ನು ಕಂಡಾಗಲೆಲ್ಲ ಮಳೆಯ ವಿಷಯ ತೆಗೆಯುತ್ತಿದ್ದರು.

ಅಜ್ಜಿಯದೇ ದೊಡ್ಡ ಸಮಸ್ಯೆ. ಹಿಡಿದ ವಾರವನ್ನು ನಡುವೆ ಬಿಟ್ಟರೆ ಮನೆಗೆ ಕೇಡು ಎಂದು ಅವರು ನಡುಗುತ್ತಿದ್ದರು. ಆ ಭಯ ನನಗೂ ಅನುಕೂಲವಾಗಿತ್ತು, ಸೋಮವಾರ ಬಂದರೆ ಅಜ್ಜಿಯ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ಟೈಲರಕ್ಕ ಹಳೆಯ ಜಗಳ ನುಂಗಿಕೊಂಡು ಒಂದು ದಿನ ಬಂದು ಅಜ್ಜಿಯ ಪಕ್ಕ ಕೂತರು. 'ಅಜ್ಜಿ, ಬಿಡ್ಸಬ್ಯಾಡ್ರಿ. ಆ ಸೋಮವಾರನ ಮಗು ಕೈಯಿಂದ ನೀವೇ ಇಸ್ಕೊಳ್ರಿ. ದೇವ್ರು ಬ್ಯಾಡ ಅಂತಾನಾ?'  ಮರುವಾರ ಅಜ್ಜಿ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿ, ನನ್ನ ಕೈಯಿಂದ ವೀಳ್ಯದೆಲೆ ಇಸಿದುಕೊಂಡು ನನ್ನ ಸೋಮವಾರವನ್ನು ತಮ್ಮ ತಲೆಗೆ ಹಾಕಿಕೊಂಡರು. ಉಳಿದ ಗುರುವಾರ, ಶನಿವಾರ ತಾವಾಗಿಯೇ ಬಿದ್ದುಹೋದವು ಎಂದುಕೊಂಡೆ.

ನನ್ನ ಬಟ್ಟೆಗಳು ಮತ್ತೆ ಟೈಲರಕ್ಕನ ಅಂಗಡಿಗೆ ಹೋಗತೊಡಗಿದವು. ಗುಂಡಿ ಹೊಲಿಯಬೇಕು, ಅಂಚು ಬಿಟ್ಟಿದೆ ಎಂದು ಅಮ್ಮ ಏನಾದರೊಂದು ನೆಪ ತೆಗೆದು ಕೊಟ್ಟು ಬರುತ್ತಿದ್ದರು. ಮೈ ತುಂಬಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳುತ್ತಿದ್ದರು, ನನ್ನ ಚೂಡಿದಾರಗಳು ಮಾತ್ರ ಎಂದೂ ಬಿಗಿಯಾಗಲಿಲ್ಲ. ಆ ಒಂದು ಧೈರ್ಯದ ಮೇಲೆ ನಾನು ಊಟ ಮಾಡುತ್ತಿದ್ದೆ. ಒಂದು ದಿನ ಇಸ್ತ್ರಿ ಮಾಡುವಾಗ ಪಕ್ಕದ ಹೊಲಿಗೆಯ ಒಳಗಡೆ ಸೂಜಿಯ ಹಳೆಯ ತೂತುಗಳು ಸಾಲಾಗಿ ಕಂಡವು. ಒಂದು ಸಾಲು ಬಿಚ್ಚಿ ಅರ್ಧ ಇಂಚು ಆಚೆ ಇನ್ನೊಂದು, ಅದನ್ನೂ ಬಿಚ್ಚಿ ಮತ್ತರ್ಧ ಇಂಚು ಆಚೆ ಮತ್ತೊಂದು. ಟೈಲರಕ್ಕ ಹಿಡಿಸುವಾಗ ಒಳಗಿನ ಬಟ್ಟೆಯನ್ನು ಎಂದೂ ಕತ್ತರಿಸುತ್ತಿರಲಿಲ್ಲ. ಬೆಳೆಯುವ ಮಕ್ಕಳು, ಬೇಕಾಗುತ್ತದೆ ಎನ್ನುತ್ತಿದ್ದರು. ಆ ಬಟ್ಟೆಯನ್ನು ಅವರು ನನ್ನ ಮೈ ಬೆಳೆಯುವ ಮುಂಚೆಯೇ ಬಿಟ್ಟುಕೊಡುತ್ತ ಬಂದಿದ್ದರು.

ಚೂಡಿದಾರ ಹಿಡಿದು ಅಂಗಡಿಗೆ ಓಡಿದೆ. 'ನೀವೂ ಮೋಸ ಮಾಡಿದ್ರಿ' ಎಂದು ಅದನ್ನು ಅವರ ಮುಖಕ್ಕೆ ಎಸೆದೆ.

ಅವರು ಬಟ್ಟೆ ಮಡಚಿ ಮೇಜಿನ ಮೇಲಿಟ್ಟರು. ಪಿನ್ನು ತೆಗೆದರು. 'ಹೌದಮ್ಮ, ಮೋಸವೇ. ಬಟ್ಟೆ ಬಿಗಿ ಆದ್ರೆ ನೀನು ತಿರ್ಗಾ ತಟ್ಟೆ ನೂಕ್ತೀಯ ಅಂತ ಡಾಕ್ಟ್ರಮ್ಮ ಅಂದ್ರು. ನಂಗೆ ಓದು ಬರಲ್ಲ, ಔಷಧಿ ಗೊತ್ತಿಲ್ಲ. ನಂಗ್ ಬರೋದು ಇದೊಂದೇ. ಬೈಯ್ಯಂಗಿದ್ರೆ ಬೈಯಿ, ಆದ್ರೆ ಹಾಕ್ಕೋ.'

ಬೈಯಲು ಹೋದವಳು ಅವರ ಹೊಟ್ಟೆಗೆ ಮುಖವಿಟ್ಟು ಅತ್ತೆ. ಮೆತ್ತಗೆ ಬೆಚ್ಚಗಿದ್ದ ಆ ದೊಡ್ಡ ಹೊಟ್ಟೆಯನ್ನು ಕಂಡರೆ ನನಗೆ ಒಂದು ವರ್ಷದಿಂದ ಭಯವಿತ್ತು. ಅಂದು ಅದು ಹೋಯಿತು. ಅಲ್ಲಿಂದಾಚೆ ಎಡೆಬಿಡದೆ ಗುಣವಾಗುತ್ತ ಬಂದೆ ಎಂದು ಬರೆದರೆ ಸುಳ್ಳಾಗುತ್ತದೆ. ಪಿಯುಸಿಯಲ್ಲಿ ಒಮ್ಮೆ, ಬಿ.ಎಡ್.ನಲ್ಲಿ ಒಮ್ಮೆ ಮತ್ತೆ ಜಾರಿದೆ. ಆದರೆ ಯಾರ ಹತ್ತಿರ ಓಡಬೇಕೆಂದು ಗೊತ್ತಿತ್ತು.

ಇಷ್ಟರಲ್ಲಿ ಅಂಗಡಿಯ ಪದ್ಧತಿ ಬದಲಾಗಿತ್ತು. ಟೈಲರಕ್ಕ ಅಳತೆಯನ್ನು ಕೂಗುವುದು ನಿಲ್ಲಿಸಿದ್ದರು. ಹುಡುಗಿಯರನ್ನು ಸೀರೆಯ ಮರೆಗೆ ಕರೆದುಕೊಂಡು ಹೋಗಿ, ಅಂಕಿಗಳಷ್ಟೇ ಬರೆಯಲು ಬರುತ್ತಿದ್ದ ತಮ್ಮ ಸೊಟ್ಟ ಬರಹದಲ್ಲಿ ತಾವೇ ಬರೆದುಕೊಳ್ಳುತ್ತಿದ್ದರು. ಬೆಂಚಿನ ಮೇಲಿನ ಹೆಂಗಸರು, 'ಏನ್ ಗುಟ್ಟು ಮಾರಾಯ್ತಿ' ಎಂದು ನಗುತ್ತಿದ್ದರು. ಛೇಡಿಸುವುದನ್ನೂ ಬಿಟ್ಟರು. ಅವರ ಅಂಗಡಿಯ ಅರ್ಧ ಗದ್ದಲ ಅದರೊಂದಿಗೇ ಹೋಯಿತು. ಆ ಗದ್ದಲ ನನಗೆ ಇಷ್ಟವಾಗಿತ್ತು ಎಂದು ಅವರಿಗೆ ಹೇಳಬೇಕಿತ್ತು.

ಹೇಳಬೇಕಾದದ್ದು ಇನ್ನೂ ಒಂದಿತ್ತು. ಕೆಲಸ ಸಿಕ್ಕಿ ಕೊಳಾಲಕ್ಕೆ ಹೊರಡುವ ಮುನ್ನ ಹೋದಾಗ, ಅವರು ನನ್ನ ರವಿಕೆಗೆ ಹುಕ್ಕು ಹಾಕುತ್ತ ತಲೆಯೆತ್ತದೆ ಕೇಳಿದರು. 'ಅವತ್ತು ನಾನ್ ಅಂದಿದ್ದ್ ಮಾತ್ನಿಂದ್ಲೇ ಅಲ್ವೇನಮ್ಮ ಇಷ್ಟೆಲ್ಲ ಆಗಿದ್ದು?' ಡಾಕ್ಟರು ಹೇಳಿದ್ದೆಲ್ಲ ನನಗೆ ಗೊತ್ತಿತ್ತು. ಒಂದು ಮಾತಿನಿಂದ ಯಾರಿಗೂ ಈ ಕಾಯಿಲೆ ಬರುವುದಿಲ್ಲ ಎಂದು ಕೂತು ಬಿಡಿಸಿ ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಗಿತ್ತು. 'ಅಯ್ಯೋ ಬಿಡಕ್ಕ, ಹಳೇ ಕತೆ' ಎಂದು ನಕ್ಕು ಎದ್ದುಬಂದೆ. ನನ್ನ ಬದುಕಿನಲ್ಲಿ ನಾನು ಮಾಡಿದ ಸೋಮಾರಿ ಕೆಲಸಗಳಲ್ಲಿ ಅದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಮಣ್ಣಿಗೆ ಹೋಗಲು ಆಗಲಿಲ್ಲ. ಐದನೆಯ ದಿನ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿಕೊಂಡು ಮಧುಗಿರಿಗೆ ಹೋದೆ. ಸಾವಿನ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ, ಬೀದಿಯವರು ಮುದ್ದೆ, ಸಾರು, ಅನ್ನ ಮಾಡಿ ತಂದಿಟ್ಟಿದ್ದರು. ಟೈಲರಕ್ಕನ ಸೊಸೆ, ಈಗ ಅಂಗಡಿ ನೋಡಿಕೊಳ್ಳುವವಳು, ನನ್ನ ಪಕ್ಕ ಬಂದು ಕೂತಳು. ಅದೂ ಇದೂ ಮಾತಾಡಿ, ದನಿ ತಗ್ಗಿಸಿ ಕೇಳಿದಳು.

'ಅಕ್ಕ, ನೀವು ಓದ್ದೋರು. ಒಂದ್ ಮಾತ್ ಕೇಳ್ತೀನಿ. ನಮ್ಮತ್ತೆ ಶನಿವಾರ ಹಿಡ್ದಿದ್ರು. ನಾನ್ ಈ ಮನೆಗ್ ಬಂದಾಗ್ಲಿಂದ ನೋಡ್ತಿದೀನಿ, ಒಪ್ಪತ್ತೇ. ಶುಗರ್ ಬಂದ್ ಮ್ಯಾಲೆ ಡಾಕ್ಟ್ರು ಬ್ಯಾಡ ಅಂತ ಬೈದ್ರು, ಕೇಳ್ಲಿಲ್ಲ. ಯಾರ್ಗೋಸ್ಕರ ಅತ್ತೆ ಅಂದ್ರೆ, ಒಂದ್ ಮಗೀಂದು ಕಣೇ, ನನ್ ಬಾಯಿಂದ ಕೆಟ್ಟೋಗಿತ್ತು, ಅದ್ರ ಶನಿವಾರನ ನಾನ್ ಇಸ್ಕೊಂಡಿದೀನಿ ಅಂತಿದ್ರು. ಹೆಸ್ರು ಹೇಳ್ತಿರ್ಲಿಲ್ಲ. ಈಗ ಅದು ಅರ್ಧಕ್ಕೆ ನಿಂತೋಯ್ತಲ್ಲ. ನಾನ್ ಹಿಡೀಬೇಕಾ?'

 ಹಸಿದಿರಲು ಆಗದ ಆ ಹೆಂಗಸು, ಹದಿನೆಂಟು ವರ್ಷದ ಶನಿವಾರಗಳು. ಸಿಟ್ಟೂ ಬಂತು. ಹಸಿವು ನನ್ನನ್ನು ಏನು ಮಾಡಿತೆಂದು ಕಣ್ಣಾರೆ ಕಂಡವರು ಇದನ್ನು ಹೇಗೆ ಮಾಡಿದರು? ಬಸ್ಸು ತಪ್ಪಿದರೂ ಸರಿ ಎಂದು ಅಂದು ಒಂದು ಗಳಿಗೆ ಕೂತಿದ್ದರೆ ಇದು ಅಂದೇ ನಿಲ್ಲುತ್ತಿತ್ತು. ಅಷ್ಟು ಹೊತ್ತಿಗೆ ಇನ್ನೊಂದು ನೆನಪಾಯಿತು. ಬೆಳಿಗ್ಗೆಯಿಂದ ನಾನೂ ಏನೂ ತಿಂದಿರಲಿಲ್ಲ. ಹಿಂದಿನ ದಿನವೂ ಅಷ್ಟಕ್ಕಷ್ಟೇ. ದುಃಖದಲ್ಲಿ ಊಟ ಸೇರುತ್ತಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದೆ, ನನಗೂ ಹೇಳಿಕೊಂಡಿದ್ದೆ. ಈ ಕಾಯಿಲೆ ಭಕ್ತಿಯ ಹೆಸರು ಹೇಳಿಕೊಂಡು ಬರುತ್ತದೆಂದು ಗೊತ್ತಿತ್ತು. ದುಃಖದ ಹೆಸರನ್ನೂ ಹೇಳುತ್ತದೆಂದು ಅಂದು ತಿಳಿಯಿತು.

'ನೀನು ಹಿಡೀಬೇಡ' ಎಂದೆ. 'ಯಾರೂ ಹಿಡೀಬೇಕಾಗಿಲ್ಲ. ಅದನ್ನ ಮುಗಿಸಬೇಕು.'

'ಹೆಂಗೆ ಮುಗ್ಸಾದು? ಆ ಮಗು ಯಾರೋ ಏನೋ.'

'ಇಲ್ಲೇ ಇದೆ. ನನಗೆ ತಟ್ಟೆ ಹಾಕು.'

ಅವಳು ನನ್ನ ಮುಖವನ್ನೇ ನೋಡಿದಳು. ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ತಟ್ಟೆ ತಂದಳು. ಒಂದು ಮುದ್ದೆ, ಮೇಲೆ ಹುರುಳಿಕಾಳಿನ ಸಾರು. ಟೈಲರಕ್ಕನಿಲ್ಲದ ಆ ಮನೆಯಲ್ಲಿ ಗೋಡೆಗೊರಗಿ ಕೂತು, ಅಳುತ್ತಲೇ ಮುದ್ದೆ ಮುರಿದೆ. ತುತ್ತುಗಳನ್ನು ಸಣ್ಣದು ಮಾಡಲಿಲ್ಲ. ಮುದ್ದೆ ಮುಗಿದ ಮೇಲೆ ಅನ್ನ ಹಾಕಿಸಿಕೊಂಡೆ, ಅದಕ್ಕೆ ಸಾರು ಸಾಲದೆ ಇನ್ನೊಮ್ಮೆ ಕೇಳಿದೆ.